ಗಾಯರಾಣದ ಖಾನೇಷುಮಾರಿ

(ಗಿರಣಿ ಕಾಮಗಾರರು ಹಾಗೂ ಚಿಲ್ಲರೆ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕುಗಳ ಹೊಲ ಮತ್ತು ಗಾಯರಾಣಗಳಲ್ಲಿ ತೋಳ ಎಷ್ಟು, ಚಿಗರಿ ಎಷ್ಟು, ನರಿ ಎಷ್ಟು, ಕತ್ತೆಕಿರುಬ ಎಷ್ಟು ಎಂಬುದನ್ನು ಎಣಿಸಬೇಕು, ಆ ಎಣಿಕೆಯಲ್ಲಿ ಕುರಿಗಾರನಿಗೆ ಕೂಲಿಯೂ ಸಿಗಬೇಕು, ಹೆಸರೂ ಸಿಗಬೇಕು ಎಂದು ಹೇಳುವುದಕ್ಕಾಗಿ ನಾವು ಈ ಸಂಜೆ ನಿಮ್ಮ ಮುಂದೆ ನಿಂತಿದ್ದೇವೆ. ಪಾಳಿ ಮುಗಿಸಿ ಬಂದವರಿಗೆ, ಅಂಗಡಿಯ ಕದ ಎಳೆದು ಬಂದವರಿಗೆ ಇದು ವಿಚಿತ್ರವೆನಿಸಬಹುದು. ಬೋನಸ್ಸಿನ ಮಾತಿಲ್ಲ, ಜಿ.ಎಸ್.ಟಿ.ಯ ಮಾತಿಲ್ಲ, ತೋಳದ ಮಾತೇ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದೂ ನಮಗೆ ಕೇಳಿಸಿತು. ನಗಲಿ. ಜಿನ್ನಿಗೆ ಬರುವ ಹತ್ತಿ, ಅಡತಿ ಅಂಗಡಿಗೆ ಬರುವ ಹೆಸರು ಮತ್ತು ಕಡಲೆ, ಖಾನಾವಳಿಯ ಮಾಂಸ, ಸಂತೆಯ ಕಂಬಳಿ ಇವೆಲ್ಲ ಬರುವುದು ಆ ನೆಲದಿಂದಲೇ. ಆ ನೆಲದಲ್ಲಿ ಯಾರು ಉಣ್ಣುತ್ತಾರೆ, ಉಂಡದ್ದು ಯಾರ ಲೆಕ್ಕಕ್ಕೆ ಬೀಳುತ್ತದೆ ಎಂಬುದು ನಮ್ಮ ಲೆಕ್ಕವೂ ಹೌದು.

ಮೊದಲು ನೆಲದ ಮಾತು. ನರಗುಂದ ಮತ್ತು ರೋಣದ ಬಹುಭಾಗ ಎರಿ, ಮಲಪ್ರಭೆ ಮತ್ತು ಬೆಣ್ಣಿಹಳ್ಳಗಳ ಬಯಲು. ಮುಂಗಾರಿಗೆ ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ಕಾಲುವೆಯ ನೀರು ನಿಜವಾಗಿ ತಲುಪಿದಲ್ಲಿ ಗೋವಿನಜೋಳ. ಗಜೇಂದ್ರಗಡದ ಕಡೆಗೆ ನಡೆದಂತೆ ಎರಿ ಸರಿದು ಮಸಾರಿ ಬರುತ್ತದೆ, ಮಡ್ಡಿ ಬರುತ್ತದೆ, ಆಮೇಲೆ ಕಲ್ಲುಗುಡ್ಡದ ಸಾಲು. ಕಾಲಕಾಲೇಶ್ವರನ ಬೆಟ್ಟ ನೀವೆಲ್ಲ ಕಂಡದ್ದೇ. ಆ ಗುಡ್ಡಗಳ ನೆತ್ತಿಯ ಮೇಲೆ ಈಗ ಗಾಳಿಯಂತ್ರಗಳು ತಿರುಗುತ್ತಿವೆ. ಮಲೆನಾಡಿನವರು ಅಡವಿ ಎನ್ನುವಂಥ ಅಡವಿ ಇಲ್ಲಿಲ್ಲ. ಗದಗ ಜಿಲ್ಲೆಯ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವೆಂದು ಘೋಷಿತವಾಯಿತು, ಸುಮಾರು 244 ಚದರ ಕಿಲೋಮೀಟರು. ಆದರೆ ಅದು ಗದಗ, ಮುಂಡರಗಿ, ಶಿರಹಟ್ಟಿಗಳ ಕಡೆಗಿದೆ. ರೋಣದ ಸೀಮೆಯಲ್ಲಿ ಎಂಥ ಕಾಡುಪ್ರಾಣಿ ಎಂದು ಕೇಳುವವರೇ ಹೆಚ್ಚು.

ಹೆಸರಿನ ಬೆಳೆ ಮೊಳಕೆಯೊಡೆದು ನಾಲ್ಕೆಲೆ ಬಿಟ್ಟಾಗ ರಾತ್ರಿ ಹೊಲದಲ್ಲಿ ಮಲಗುವ ರಯತನನ್ನು ಅವರು ಕೇಳಬೇಕು. ಚಿಗರಿಯ ಹಿಂಡು ಒಂದು ಮುಂಜಾವಿನಲ್ಲಿ ಬಿತ್ತಿದ ಬೀಜದ ಹಣವನ್ನು ಮೇದು ಹೋಗುತ್ತದೆ. ಸುಗ್ಗಿ ಮುಗಿದ ಮೇಲೆ ಎರಿ ಹೊಲಗಳಿಗೆ ಕುರಿಮಂದೆಗಳು ಇಳಿಯುತ್ತವೆ. ಹೊಲದಲ್ಲಿ ಕುರಿ ನಿಲ್ಲಿಸಿದರೆ ಗೊಬ್ಬರ, ಅದಕ್ಕೆ ರಯತ ಕಾಳನ್ನೋ ರೊಕ್ಕವನ್ನೋ ಕೊಡುತ್ತಾನೆ. ಆ ಮಂದೆಯ ಹಿಂದೆ ತೋಳ ನಡೆಯುತ್ತದೆ. ನರಿ ಎಲ್ಲ ಕಡೆಗೂ ಉಂಟು. ಅದಕ್ಕಿಂತ ಸಣ್ಣದಾದ, ಬಾಲದ ತುದಿ ಕಪ್ಪಾದ ಕೆಂಪುನರಿ ಮಡ್ಡಿಯ ಗಿಡ್ಡ ಹುಲ್ಲಿನಲ್ಲಿ ಬಿಲ ತೋಡಿಕೊಂಡು ಇಲಿ, ಮಿಡತೆ ತಿಂದು ಬದುಕುತ್ತದೆ. ಕತ್ತೆಕಿರುಬ ಗುಡ್ಡದ ಗವಿಯಲ್ಲಿ ಹಗಲು ಕಳೆದು ರಾತ್ರಿ ಸತ್ತ ದನದ ಎಲುಬಿಗಾಗಿ ಊರ ಹೊರಗೆ ಬರುತ್ತದೆ. ಗಜೇಂದ್ರಗಡದ ಗುಡ್ಡದಲ್ಲಿ ಚಿರತೆ ಕಂಡಿತೆಂಬ ಸುದ್ದಿಯನ್ನು ನೀವೂ ಓದಿದ್ದೀರಿ. ಮೊಲ, ಮುಳ್ಳುಹಂದಿ, ಕಾಡುಬೆಕ್ಕು, ಮುಂಗುಸಿ, ಕಾಡುಹಂದಿ ಇವುಗಳನ್ನು ಬೇರೆ ಹೇಳಬೇಕಿಲ್ಲ. ಇಷ್ಟೂ ಪ್ರಾಣಿಗಳು ಬದುಕಿರುವುದು ಬಹುಪಾಲು ಬೇಸಾಯದ ಹೊಲದಲ್ಲಿ, ಊರ ಗಾಯರಾಣದಲ್ಲಿ, ಹಳ್ಳದ ದಂಡೆಯ ಜಾಲಿಯಲ್ಲಿ. ಅಂದರೆ ಸರಕಾರದ ನಕ್ಷೆಯಲ್ಲಿ ಅಡವಿ ಎಂದು ಹಸಿರು ಬಳಿದ ಜಾಗದ ಹೊರಗೆ.

ಇವುಗಳನ್ನು ಹಿಂದೆ ಯಾರೂ ಲೆಕ್ಕಕ್ಕೆ ಹಿಡಿದಿಲ್ಲವೆಂದಲ್ಲ. ಹಿಡಿದವರಲ್ಲಿ ಮೊದಲಿಗನಾಗಿ ನಮಗೆ ಸಿಗುವವನು ಈಸ್ಟ್ ಇಂಡಿಯಾ ಕಂಪನಿಯ ಒಬ್ಬ ಅಧಿಕಾರಿ, ವಾಲ್ಟರ್ ಎಲಿಯಟ್. 1824ರ ಅಕ್ಟೋಬರಿನಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಬಿದ್ದಾಗ ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ತರುಣ ಅಧಿಕಾರಿಗಳಲ್ಲಿ ಈತ ಒಬ್ಬ. ಆಗ ವಯಸ್ಸು ಇಪ್ಪತ್ತೊಂದು. ಬಿಡುಗಡೆಯಾದ ಮೇಲೆಯೂ ಹಲವು ವರ್ಷ ಇದೇ ಸೀಮೆಯಲ್ಲಿದ್ದ. ಕಂಪನಿಯವರು ನಮ್ಮ ಧಾರವಾಡ ಪ್ರಾಂತವನ್ನು ದಕ್ಷಿಣ ಮರಾಠಾ ದೇಶವೆಂದು ಕರೆಯುತ್ತಿದ್ದರು, ಕನ್ನಡ ನೆಲಕ್ಕೆ ಆ ಹೆಸರು! ಇರಲಿ. ಎಲಿಯಟ್ ನೂರಾರು ಶಾಸನಗಳನ್ನು ನಕಲು ಮಾಡಿಸಿದ; ಜೊತೆಗೆ ಇಲ್ಲಿಯ ಸಸ್ತನಿಗಳದೊಂದು ಪಟ್ಟಿಯನ್ನು ಬರೆದ. ಅದು 1839ರಲ್ಲಿ ಮದರಾಸಿನ ಒಂದು ವಿದ್ವತ್ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರಾಣಿಯ ಶಾಸ್ತ್ರೀಯ ಹೆಸರಿನ ಜೊತೆಗೆ ಇಲ್ಲಿಯ ಜನ ಆಡುವ ಹೆಸರುಗಳನ್ನೂ ಕೊಟ್ಟದ್ದು ಆ ಪಟ್ಟಿಯ ಹೆಚ್ಚುಗಾರಿಕೆ.

ಆ ಪಟ್ಟಿಯಲ್ಲಿ ಹುಲಿ ಚಿರತೆಗಳಿಗಿಂತ ನಮ್ಮ ಮನಸ್ಸನ್ನು ಹಿಡಿದದ್ದು ಇಲಿಯ ಸಂಗತಿ. ಎರಿ ಹೊಲದ ಮೆತ್ತನೆಯ ಕೂದಲಿನ ಇಲಿಯೊಂದು ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟಾಗ ಆ ಬಿರುಕುಗಳಲ್ಲೇ ವಾಸ ಮಾಡುತ್ತದೆ. ಮುಂಗಾರಿನ ಮೊದಲ ದೊಡ್ಡ ಮಳೆ ಬಿದ್ದೊಡನೆ ಎರಿ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಒಳಗಿನ ಇಲಿಗಳು ಲೆಕ್ಕವಿಲ್ಲದೆ ಸಾಯುತ್ತವೆ. ಎರಿ ಸೀಮೆಯ ರಯತನಿಗೆ ಬೇರೆ ಇಲಿಪಾಷಾಣ ಬೇಕಾಗಿಲ್ಲದ ಏರ್ಪಾಡು ಇದು. 1826ರಲ್ಲಿ ಆ ಮೊದಲ ಮಳೆ ಕೈಕೊಟ್ಟಿತು. ಬಿರುಕು ಮುಚ್ಚಲಿಲ್ಲ, ಇಲಿ ಸಾಯಲಿಲ್ಲ, ಬೆಳೆದದ್ದೇ ಬೆಳೆದದ್ದು. ಬಿತ್ತಿದ ಬೀಜವನ್ನು ತಿಂದವು, ಉಳಿದ ಜೋಳ ತೆನೆಗೆ ಬಂದಾಗ ದಂಟು ಹತ್ತಿ ತೆನೆ ಕತ್ತರಿಸಿದವು. ಹೊಲಕ್ಕೆ ಹೊಲವೇ ಹಾಳಾಗಿ ರಯತರಿಗೆ ಕಂಪನಿಯ ಭೂಕಂದಾಯ ಕಟ್ಟಲಾಗಲಿಲ್ಲ. ಆಗ ರಯತರು ವಡ್ಡರನ್ನು ಕರೆದು ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಗೊತ್ತುಮಾಡಿ ಕೊಲ್ಲಿಸಿದರು. ಸಾವಿರಗಟ್ಟಲೆ ಕೊಂದರೂ ಇಲಿ ಕಡಿಮೆಯಾದಂತೆ ಕಾಣಲಿಲ್ಲ ಎಂದು ಎಲಿಯಟ್ ಬರೆದಿಟ್ಟಿದ್ದಾನೆ.

ಸಂಗಾತಿಗಳೇ, ಇದರಲ್ಲಿ ಎರಡು ಸಂಗತಿ ಗಮನಿಸಿರಿ. ಒಂದು, ಪ್ರಾಣಿಯ ಲೆಕ್ಕ ಎಂದರೆ ಮಳೆಯ ಲೆಕ್ಕ, ಕಂದಾಯದ ಲೆಕ್ಕ, ಕೂಲಿಯ ಲೆಕ್ಕ. ಇವನ್ನು ಬಿಡಿಸಿ ಬೇರೆ ಬೇರೆ ಖಾತೆಗೆ ಹಾಕಲು ಬಾರದು. ಎರಡನೆಯದು, ಆ ಇಲಿಗಳನ್ನು ಬಲ್ಲವರು ಯಾರು? ಬಿಲ ಅಗೆದು, ಇಲಿ ಕೂಡಿಟ್ಟ ಕಾಳನ್ನು ತೆಗೆದು ಹೊಟ್ಟೆ ಹೊರೆಯುತ್ತಿದ್ದ ವಡ್ಡರು. ಯಾವ ಇಲಿ ಎಂಥ ಬಿಲ ತೋಡುತ್ತದೆ ಎಂಬುದು ಅವರ ಹೊಟ್ಟೆಪಾಡಿನ ವಿದ್ಯೆ. ಎಲಿಯಟ್ ಕಳಿಸಿದ ಮಾದರಿಗಳನ್ನು ನೋಡಿ 1837ರಲ್ಲಿ ಲಂಡನ್ನಿನ ಪಂಡಿತ ಗ್ರೇ ಎರಡು ಇಲಿಗಳಿಗೆ ಶಾಸ್ತ್ರೀಯ ಹೆಸರಿಟ್ಟ. ಒಂದಕ್ಕೆ ಸಾಹೇಬನ ಹೆಸರು ಬಂತು, ಎಲಿಯೊಟಿ ಎಂದು. ಇನ್ನೊಂದಕ್ಕೆ ಮೆಲ್ಟಾಡ ಎಂದು, ಅದು ವಡ್ಡರ ಬಾಯಿಂದ ಬಂದ ಮಾತು. ಅಗೆದವರ ಒಂದು ಮಾತಾದರೂ ಉಳಿಯಿತು. ಅಗೆದವನ ಹೆಸರು ಮಾತ್ರ ಉಳಿಯಲಿಲ್ಲ.

ಇನ್ನು ತೋಳ. ದಖ್ಖಣದ ತೋಳಕ್ಕೆ ಶಾಸ್ತ್ರೀಯ ಹೆಸರು ಕೊಟ್ಟವನು ಮುಂಬಯಿ ಸೈನ್ಯದ ಸೈಕ್ಸ್, 1831ರಲ್ಲಿ. ಆಮೇಲೆ ಬ್ರಿಟಿಷ್ ಸರಕಾರ ತೋಳವನ್ನು ಲೆಕ್ಕಕ್ಕೆ ಹಿಡಿದದ್ದು ಬೇರೆ ರೀತಿಯಲ್ಲಿ. ತೋಳ ಕೊಂದು ತಂದವನಿಗೆ ಇನಾಮು. 1875ರಿಂದ 1925ರ ವರೆಗಿನ ಐವತ್ತು ವರ್ಷಗಳಲ್ಲಿ ಇನಾಮಿಗಾಗಿ ಕೊಂದ ಹುಲಿಗಳು 80,000ಕ್ಕೂ ಹೆಚ್ಚು, ಚಿರತೆಗಳು 1,50,000ಕ್ಕೂ ಹೆಚ್ಚು, ತೋಳಗಳು ಸುಮಾರು 2,00,000 ಎಂದು ಇತಿಹಾಸಕಾರ ಮಹೇಶ ರಂಗರಾಜನ್ ದಫ್ತರಗಳಿಂದ ಕೂಡಿಸಿ ತೋರಿಸಿದ್ದಾರೆ. ತೋಳದ ವಿಷಯದಲ್ಲಿ ಸರಕಾರ ಇಟ್ಟ ಮೊದಲ ಲೆಕ್ಕ ಸತ್ತ ತೋಳದ್ದು. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬುದು ನಮ್ಮ ಹಳೆಯ ಗಾದೆ. ಸರಕಾರ ಆ ಕಲ್ಲಿಗೆ ದರ ಗೊತ್ತುಮಾಡಿತು.

ಇಂದಿನ ಸ್ಥಿತಿ ಏನು? 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿದೆ. ತೋಳ, ಚಿಗರಿ ಎರಡೂ ಅದರ ಮೊದಲ ಅನುಸೂಚಿಯಲ್ಲಿವೆ, ಅಂದರೆ ಹುಲಿಯಷ್ಟೇ ರಕ್ಷಣೆ. ಅದು ಕಾಗದದ ಮೇಲೆ. ಹುಲಿಯ ಎಣಿಕೆ ನೋಡಿ: 2018ರ ಎಣಿಕೆಯಲ್ಲಿ ದೇಶದ 26,838 ಕಡೆ ಕ್ಯಾಮೆರಾ ಕಟ್ಟಿದರು, ಅಷ್ಟು ದೊಡ್ಡ ಕ್ಯಾಮೆರಾ ಎಣಿಕೆ ಜಗತ್ತಿನಲ್ಲೇ ಆಗಿರಲಿಲ್ಲವೆಂದು ಗಿನ್ನೆಸ್ ದಾಖಲೆ ಆಯಿತು. 2022ರ ಎಣಿಕೆಯಲ್ಲಿ ಕರ್ನಾಟಕದ ಹುಲಿ 563 ಎಂದು ಬಂತು. ಒಳ್ಳೆಯದೇ, ನಮಗೆ ಹುಲಿಯ ಮೇಲೆ ಹೊಟ್ಟೆಕಿಚ್ಚಿಲ್ಲ. ತೋಳದ ವಿಷಯ ಬಂದಾಗ ದೇಶಕ್ಕೆಲ್ಲ ಸೇರಿ ಸುಮಾರು 3,000 ಎಂಬ ಒಂದು ಅಂದಾಜು ಸಿಗುತ್ತದೆ. ಅಂದರೆ ಹುಲಿಯ ಸಂಖ್ಯೆಗೂ ತೋಳದ ಸಂಖ್ಯೆಗೂ ಹೆಚ್ಚು ಅಂತರವಿಲ್ಲ. ಎಣಿಸುವ ಶ್ರದ್ಧೆಯಲ್ಲಿ ಮಾತ್ರ ಅಜಗಜಾಂತರ. ಹುಲಿ ಅಡವಿಯಲ್ಲಿದೆ, ಅಡವಿಗೆ ಇಲಾಖೆ ಇದೆ, ಇಲಾಖೆಗೆ ಬಜೆಟ್ಟಿದೆ. ತೋಳ ಗಾಯರಾಣದಲ್ಲಿದೆ, ಗಾಯರಾಣವನ್ನು ದಫ್ತರದಲ್ಲಿ ಪಾಳು ಎಂದು ಬರೆದಿದೆ. ಕೇಂದ್ರ ಸರಕಾರ 2000ದಿಂದ ಪಾಳುಭೂಮಿಯ ನಕಾಶೆ ಪುಸ್ತಕ ಹೊರಡಿಸುತ್ತ ಬಂದಿದೆ. ಕುರುಚಲು ನೆಲ, ಸವೆದ ಹುಲ್ಲುಗಾವಲು ಎಲ್ಲ ಅದರೊಳಗೆ. ಪಾಳು ಎಂದು ಬರೆದದ್ದನ್ನು ಯಾರಿಗೆ ಬೇಕಾದರೂ ಕೊಡಬಹುದು, ಕೇಳುವವರಿಲ್ಲ.

ಲೆಕ್ಕ ಇಲ್ಲದಿದ್ದರೆ ಏನಾಗುತ್ತದೆ? ಕುರಿಗಾರನನ್ನು ತೆಗೆದುಕೊಳ್ಳಿ. ಕಾಡುಪ್ರಾಣಿ ಸಾಕುಪ್ರಾಣಿಯನ್ನು ಕೊಂದರೆ ಅರಣ್ಯ ಇಲಾಖೆ ಪರಿಹಾರ ಕೊಡುವ ನಿಯಮ ಉಂಟು. ಅದಕ್ಕೆ ಪಂಚನಾಮೆ ಆಗಬೇಕು, ಪಶುವೈದ್ಯರ ದಾಖಲೆ ಬೇಕು. ಮಂದೆ ಇಂದು ಈ ಊರ ಹೊಲ, ನಾಳೆ ಆ ಊರ ಹೊಲ. ತೋಳ ಮರಿಯನ್ನು ಹಿಡಿದರೆ ಎತ್ತಿಕೊಂಡೇ ಹೋಗುತ್ತದೆ. ಪಂಚನಾಮೆ ಯಾವುದಕ್ಕೆ ಮಾಡಬೇಕು? ಸ್ವಂತ ಕುರಿಯಲ್ಲದೆ ಮಂದಿಯ ಕುರಿಯನ್ನು ಪಾಲಿಗೆ ಕಾಯುವವನಾದರೆ ಮರಿಯ ನಷ್ಟವೂ ಅವನದೇ, ಮಾಲಕನ ಬೈಗುಳವೂ ಅವನದೇ. ಈ ತಾಲೂಕಿನಲ್ಲಿ ತೋಳ ಇದೆ ಎಂಬುದಕ್ಕೇ ಬರಹದ ಆಧಾರ ಇಲ್ಲದಿರುವಾಗ ಅದು ತೋಳ ಅಲ್ಲ, ನಾಯಿ ಎಂದು ಬರೆದು ಕೈತೊಳೆದುಕೊಳ್ಳುವುದು ಕಚೇರಿಗೆ ಸುಲಭ. ತೋಳಕ್ಕೂ ಒಂದು ಪಾಲು ಎನ್ನುವ ಹಿರಿಯ ಕುರಿಗಾರರನ್ನು ನಾವು ಕಂಡಿದ್ದೇವೆ, ಅವರ ದೊಡ್ಡ ಮನಸ್ಸಿಗೆ ಶರಣು. ಆದರೆ ದೇಶದ ತೋಳವನ್ನು ಸಾಕುವ ಭಾರವನ್ನು ದೇಶದ ಅತಿ ಬಡವನ ಮಂದೆಯ ಮೇಲೆ ಹೊರಿಸಿ ಅದನ್ನು ಸಂಸ್ಕೃತಿ ಎಂದು ಹೊಗಳುವುದು ನಮಗೆ ಒಪ್ಪಿಗೆಯಿಲ್ಲ. ದೊಡ್ಡ ಮನಸ್ಸು ಬತ್ತಿದ ದಿನ ಸತ್ತ ಕುರಿಗೆ ವಿಷ ಹಚ್ಚಿ ಇಡುತ್ತಾರೆ. ತೋಳದ ಜೊತೆಗೆ ನರಿಯೂ ಸಾಯುತ್ತದೆ, ಕತ್ತೆಕಿರುಬವೂ ಸಾಯುತ್ತದೆ, ಮಂದೆಯ ಕಾವಲುನಾಯಿಯೂ ಸಾಯುತ್ತದೆ.

ಹೆಸರು ಬೆಳೆದ ರಯತನ ಪಾಡು ಇದೇ, ಪ್ರಾಣಿ ಬೇರೆ ಅಷ್ಟೆ. ಒಬ್ಬರು ಚಿಗರಿ ಹೆಚ್ಚಾಗಿ ದೇಶ ಹಾಳಾಯಿತು ಎನ್ನುತ್ತಾರೆ, ಪಟ್ಟಣದ ಪ್ರಾಣಿಪ್ರೇಮಿಗಳು ಚಿಗರಿ ಅಳಿಯುತ್ತಿದೆ ಎನ್ನುತ್ತಾರೆ. ಇಬ್ಬರ ಕೈಯಲ್ಲೂ ಅಂಕಿಯಿಲ್ಲ. ಅಂಕಿಯಿಲ್ಲದ ಜಗಳದಲ್ಲಿ ಗೆಲ್ಲುವವನು ಸುಮ್ಮನೆ ಕುಳಿತ ಅಧಿಕಾರಿ.

ಹಾಗಾದರೆ ಎಣಿಸುವುದು ಹೇಗೆ? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಏಕೆಂದರೆ ಇದು ಪಂಡಿತರಿಗಷ್ಟೇ ಸಾಧ್ಯ ಎಂಬ ಭಯ ಮೊದಲು ಹೋಗಬೇಕು.

ಚಿಗರಿ ಹಗಲು ಬಯಲಲ್ಲಿ ಕಾಣುವ ಪ್ರಾಣಿ, ಅದನ್ನು ಕಣ್ಣಿನಿಂದಲೇ ಎಣಿಸಬಹುದು. ಬೆಳೆ ನಿಂತ ಕಾಲದಲ್ಲಿ ಬೇಡ, ಜೋಳದ ಹೊಲದಲ್ಲಿ ಹೊಕ್ಕ ಚಿಗರಿ ಕಾಣುವುದಿಲ್ಲ. ಕಡಲೆ ಕಿತ್ತು, ಜೋಳ ಕೊಯ್ದು ಬಯಲು ಬಯಲಾದ ಮೇಲೆ, ಬಿಸಿಲು ಏರುವ ಮುಂಚೆ ಗೊತ್ತುಮಾಡಿದ ದಾರಿಯಲ್ಲಿ ನಡೆಯಬೇಕು. ಕಂಡ ಹಿಂಡು ಎಲ್ಲಿ, ಎಷ್ಟು ಹೊತ್ತಿಗೆ, ದಾರಿಯಿಂದ ಎಷ್ಟು ದೂರ, ಕರಿಯ ಗಂಡು ಎಷ್ಟು, ಕಂದು ಬಣ್ಣದವು ಎಷ್ಟು, ಮರಿ ಎಷ್ಟು ಎಂದು ಬರೆಯಬೇಕು. ದೂರವನ್ನು ಏಕೆ ಬರೆಯಬೇಕೆಂದರೆ ಹತ್ತಿರದ್ದು ತಪ್ಪದೆ ಕಾಣುತ್ತದೆ, ದೂರದ್ದು ತಪ್ಪಿಹೋಗುತ್ತದೆ. ಎಷ್ಟು ತಪ್ಪಿಹೋಯಿತೆಂಬುದನ್ನು ಆ ದೂರದ ಅಂಕಿಗಳಿಂದಲೇ ಲೆಕ್ಕ ಹಾಕಬಹುದು.

ಇನ್ನೊಂದು ಉಪಾಯ ಅಂಗಡಿಕಾರರಿಗೆ ಕೂಡಲೆ ತಿಳಿಯುವಂಥದು. ಇಬ್ಬರು ಒಂದೇ ದಾರಿಯಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳದೆ ಬರೆಯಲಿ. ಮೊದಲನೆಯವನು 20 ಹಿಂಡು ಕಂಡ, ಎರಡನೆಯವನು 18 ಕಂಡ ಎಂದು ಇಟ್ಟುಕೊಳ್ಳಿ. ಜಾಗ, ಹೊತ್ತು ಹೊಂದಿಸಿ ನೋಡಿದರೆ ಎರಡನೆಯವನ 18ರಲ್ಲಿ 12 ಮೊದಲನೆಯವನೂ ಕಂಡವು. ಅಂದರೆ ಮೊದಲನೆಯವನ ಕಣ್ಣಿಗೆ ಮೂರರಲ್ಲಿ ಎರಡು ಪಾಲು ಬೀಳುತ್ತವೆ. 20 ಎಂಬುದು ಮೂರರಲ್ಲಿ ಎರಡು ಪಾಲಾದರೆ ಒಟ್ಟು 30. ಇಬ್ಬರೂ ಕಾಣದೆ ಬಿಟ್ಟವು 4. ನೋಡಿ, ಯಾರೂ ಕಾಣದ ಹಿಂಡನ್ನೂ ಖಾತೆಗೆ ತಂದೆವು. ರಾತ್ರಿ ಗಲ್ಲೆ ಎಣಿಸುವ ಯಾವ ವ್ಯಾಪಾರಿಗೂ ಇದು ಕಷ್ಟದ ಗಣಿತವಲ್ಲ.

ತೋಳ, ಕತ್ತೆಕಿರುಬಗಳದು ಬೇರೆ ವಿಚಾರ. ಅವು ಕಾಣುವುದಿಲ್ಲ, ಅವುಗಳ ಗುರುತು ಕಾಣುತ್ತದೆ. ತಾಲೂಕಿನ ನಕ್ಷೆಯ ಮೇಲೆ ಒಂದೇ ಅಳತೆಯ ಚೌಕಗಳನ್ನು ಎಳೆದು ಪ್ರತಿ ಚೌಕದಲ್ಲಿ ಗಾಡಿದಾರಿ, ಹಳ್ಳದ ಮರಳು, ಕೆರೆಯಂಚು ಇಂಥಲ್ಲಿ ನಡೆದು ಹೆಜ್ಜೆ ಮತ್ತು ಹಿಕ್ಕೆ ಹುಡುಕಬೇಕು. ಮಳೆ ಬಿದ್ದು ಆರಿದ ಎರಿಯ ದಾರಿ ಅಚ್ಚುಮೊಳೆ ಒತ್ತಿದಂತೆ ಹೆಜ್ಜೆಯನ್ನು ಹಿಡಿದಿಡುತ್ತದೆ. ಮಡ್ಡಿಯ ಕಲ್ಲಿನ ಮೇಲೆ ಏನೂ ಮೂಡದು. ಅದಕ್ಕೇ ಗಜೇಂದ್ರಗಡದ ಕಡೆ ಹೆಜ್ಜೆ ಕಡಿಮೆ ಸಿಕ್ಕಿತೆಂದು ಪ್ರಾಣಿ ಕಡಿಮೆ ಎಂದು ಬರೆಯಬಾರದು. ಎಲುಬು ಅರಗಿಸಿಕೊಳ್ಳುವ ಕತ್ತೆಕಿರುಬದ ಹಿಕ್ಕೆ ಒಣಗಿ ಸುಣ್ಣದಂತೆ ಬೆಳ್ಳಗಾಗುತ್ತದೆ; ಅದರ ಮುಂಗಾಲಿನ ಹೆಜ್ಜೆ ಹಿಂಗಾಲಿನದಕ್ಕಿಂತ ದೊಡ್ಡದು. ತೋಳದ ಹಿಕ್ಕೆಯಲ್ಲಿ ಕುರಿ, ಮೊಲ, ಚಿಗರಿಯ ಕೂದಲಿರುತ್ತದೆ. ಕಷ್ಟವಿರುವುದು ತೋಳದ ಹೆಜ್ಜೆಯನ್ನು ದೊಡ್ಡ ನಾಯಿಯ ಹೆಜ್ಜೆಯಿಂದ ಬೇರ್ಪಡಿಸುವುದರಲ್ಲಿ. ಹೆಜ್ಜೆ ಒಂದನ್ನೇ ನೋಡಿ ಪ್ರಮಾಣ ಮಾಡಿ ಹೇಳುವವನನ್ನು ನಂಬಬೇಡಿ. ಗೊತ್ತಿಲ್ಲ ಎಂಬುದಕ್ಕೂ ಪಟ್ಟಿಯಲ್ಲಿ ಒಂದು ಕಾಲಂ ಇರಲಿ. ಹಿಕ್ಕೆಯನ್ನು ಪ್ರಯೋಗಶಾಲೆಗೆ ಕಳಿಸಿದರೆ ತೋಳವೋ ನಾಯಿಯೋ ತಿಳಿಯುತ್ತದೆ. ಪುಣೆಯ ಹತ್ತಿರ ತೋಳ ಮತ್ತು ನಾಯಿ ಕೂಡಿ ಮಿಶ್ರತಳಿ ಹುಟ್ಟಿದ್ದು ಇಂಥ ಪರೀಕ್ಷೆಯಿಂದಲೇ 2023ರಲ್ಲಿ ಖಚಿತವಾಯಿತು. ಬೀಡಾಡಿ ನಾಯಿ ಹೆಚ್ಚಿದರೆ ತೋಳಕ್ಕೆ ರೋಗವೂ ತಗಲುತ್ತದೆ, ತಳಿಯೂ ಕೆಡುತ್ತದೆ. ನಾಯಿಯನ್ನು ಸಾಕುತ್ತಿರುವುದು ಯಾರು? ಊರ ಹೊರಗೆ ಸುರಿಯುವ ಮಾಂಸದಂಗಡಿಯ, ಖಾನಾವಳಿಯ ಹೊಲಸು. ಈ ಮಾತು ನಮ್ಮ ಪೇಟೆಗೇ ಬಂದು ಮುಟ್ಟಿತು, ನೋಡಿ.

ಒಂದು ಚೌಕದಲ್ಲಿ ಒಮ್ಮೆ ನಡೆದು ಗುರುತು ಸಿಗದಿದ್ದರೆ ಪ್ರಾಣಿ ಇಲ್ಲವೆಂದು ತೀರ್ಮಾನಿಸಕೂಡದು. ಮೂರು ನಾಲ್ಕು ಸಲ ಬೇರೆ ಬೇರೆ ದಿನ ನಡೆಯಬೇಕು. ಸಿಗಲಿಲ್ಲ ಎಂಬುದನ್ನೂ ಸಿಕ್ಕಷ್ಟೇ ನಿಷ್ಠೆಯಿಂದ ಬರೆಯಬೇಕು. ಇದ್ದೂ ಕಣ್ತಪ್ಪುವುದು ಎಷ್ಟು ಎಂಬುದು ಈ ಮರುಭೇಟಿಗಳಿಂದ ತಿಳಿಯುತ್ತದೆ. ಕ್ಯಾಮೆರಾ ಕಟ್ಟಬಹುದು, ಅಡವಿಯಲ್ಲಿ ಅದು ಸುಲಭ. ಗಾಯರಾಣದಲ್ಲಿ ದಿನವೂ ಸಾವಿರ ಕುರಿ, ನೂರು ದನ, ಸೌದೆಗೆ ಬಂದ ಹೆಣ್ಣುಮಕ್ಕಳು ಅದರ ಮುಂದೆ ಹಾಯುತ್ತಾರೆ. ಬಯಲಿಗೆ ಹೋದವರ ಚಿತ್ರ ತೆಗೆಯುವ ಯಂತ್ರವನ್ನು ಕಟ್ಟುವ ಮುಂಚೆ ಊರಿನವರ ಒಪ್ಪಿಗೆ ಬೇಡವೇ? ರಾತ್ರಿ ಮಾತ್ರ ನಡೆಸುವುದು, ಮನುಷ್ಯರ ಚಿತ್ರ ಬಂದರೆ ಅಳಿಸುವುದು ಎಂದು ಪಂಚಾಯತಿಯಲ್ಲಿ ಮೊದಲೇ ಮಾತಾಗಬೇಕು.

ಇಷ್ಟಕ್ಕೂ ಮೊದಲು ಕುರಿಗಾರರನ್ನು ಕೇಳಬೇಕು. ಕೊನೆಯ ಸಲ ತೋಳ ಕಂಡದ್ದು ಎಲ್ಲಿ, ಎಷ್ಟು ಇದ್ದವು, ಮರಿ ಹೋದದ್ದು ಹಗಲೋ ರಾತ್ರಿಯೋ, ಕಾವಲಿಗೆ ಎಷ್ಟು ನಾಯಿ ಇದ್ದವು. ವರ್ಷದ ಹನ್ನೆರಡು ತಿಂಗಳು ಬಯಲಲ್ಲಿ ಮಲಗುವವನಿಗಿಂತ ದೊಡ್ಡ ಕ್ಯಾಮೆರಾ ಇಲ್ಲ. ಆದರೆ ಇಲ್ಲಿಯ ವರೆಗೆ ಬಂದವರೆಲ್ಲ ತೋಳ ಎಷ್ಟು ಎಂದು ಕೇಳಿದರೇ ಹೊರತು ಕುರಿ ಎಷ್ಟು ಹೋದವು ಎಂದು ಕೇಳಲಿಲ್ಲ ಎಂಬ ದೂರು ಅವರದು. ನ್ಯಾಯವಾದ ದೂರು. ಒಂದೇ ಪಟ್ಟಿಯಲ್ಲಿ ಎರಡೂ ಪ್ರಶ್ನೆ ಇರಬೇಕು. ಆ ದಿನದ ಮಟ್ಟಿಗೆ ಮಂದೆ ಬಿಟ್ಟು ದಾರಿ ತೋರಿಸಿದವನಿಗೆ ಆ ದಿನದ ಕೂಲಿ ಕೊಡಬೇಕು. ವರದಿ ಅಚ್ಚಾದರೆ ಅವನು ಬಯಸಿದಲ್ಲಿ ಅವನ ಹೆಸರು ಅದರಲ್ಲಿರಬೇಕು, ಮತ್ತು ವರದಿಯನ್ನು ಕನ್ನಡದಲ್ಲಿ ಅವನಿಗೆ ಓದಿ ಹೇಳಬೇಕು. 1837ರ ತಪ್ಪನ್ನು ಮತ್ತೆ ಮಾಡುವುದು ಬೇಡ.

ಇಲ್ಲಿ ಒಂದು ಕಠಿಣವಾದ ಆಕ್ಷೇಪಣೆ ಇದೆ, ಅದನ್ನು ಮರೆಮಾಚುವುದಿಲ್ಲ. ಎಣಿಸಿದರೆ ನಾಳೆ ಬೇಲಿ ಬರುತ್ತದೆ ಎಂದು ಕುರಿಗಾರರು ಅಂಜುತ್ತಾರೆ. ಪ್ರಾಣಿ ಇದೆ ಎಂದು ತಿಳಿದರೆ ಇಲಾಖೆಯವರು ಧಾಮ ಮಾಡುತ್ತಾರೆ, ಮಂದೆಯನ್ನು ಹೊರಗೆ ಅಟ್ಟುತ್ತಾರೆ. ಈ ಅಂಜಿಕೆ ಬುಡವಿಲ್ಲದ್ದಲ್ಲ. ರಾಣೆಬೆನ್ನೂರಿನಲ್ಲಿ 1974ರಲ್ಲಿ 119 ಚದರ ಕಿಲೋಮೀಟರನ್ನು ಚಿಗರಿಯ ಹೆಸರಿನಲ್ಲಿ ಧಾಮ ಮಾಡಿದರು. ಅದರ ಬಹುಭಾಗದಲ್ಲಿ ನಿಂತಿರುವುದು ನೀಲಗಿರಿಯ ನೆಡುತೋಪು. ಬಯಲು ಹುಲ್ಲಿನ ಪ್ರಾಣಿಗೆ ನೀಲಗಿರಿ ಯಾವ ಉಪಕಾರಕ್ಕೆ? ಅಲ್ಲಿದ್ದ ಎರೆಭೂತ ಹಕ್ಕಿ ಇಂದು ಇಲ್ಲ. ನೆರೆಯ ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ಈಚೆಗೆ 332 ಹೆಕ್ಟೇರನ್ನು ತೋಳದ ಧಾಮವೆಂದು ಘೋಷಿಸಿದ್ದಾರೆ. ದೇಶದಲ್ಲಿ ತೋಳದ ಹೆಸರಿನ ಧಾಮ ಬೆರಳೆಣಿಕೆಯಷ್ಟು. ಝಾರ್ಖಂಡದ ಮಹುವಾಡಾಂಡ್ 1976ರದು. ಬಂಕಾಪುರವನ್ನು ನಾವು ಸ್ವಾಗತಿಸುತ್ತೇವೆ. ಆದರೆ 332 ಹೆಕ್ಟೇರು ಎಂದರೆ ಮೂರು ಚದರ ಕಿಲೋಮೀಟರು ಚಿಲ್ಲರೆ. ಒಂದು ತೋಳದ ಹಿಂಡು ಮೇವು ಹುಡುಕಿ ತಿರುಗುವ ಸೀಮೆ ಅದರ ಹಲವು ಪಟ್ಟು. ಅಲ್ಲಿ ಮರಿ ಹಾಕಿದ ತೋಳ ಊಟಕ್ಕೆ ಹೊರಗಿನ ಹೊಲಕ್ಕೇ ಬರಬೇಕು. ಬೇಲಿಯಿಂದ ತೋಳ ಉಳಿಯದು. ಮಂದೆ ಬರುವ ಬಯಲು ಬಯಲಾಗಿ ಉಳಿದರೆ, ಹೋದ ಮರಿಗೆ ತಡವಿಲ್ಲದೆ ರೊಕ್ಕ ಬಂದರೆ ಉಳಿದೀತು.

ಹೀಗಿರುವಲ್ಲಿ ಪ್ರಾಣಿಯ ಜೊತೆಗೇ ನೆಲವನ್ನೂ ಎಣಿಸಿ ಎಂದು ನಾವು ಕೇಳುತ್ತೇವೆ. ಊರೂರಿನ ಗಾಯರಾಣ ದಫ್ತರದಲ್ಲಿ ಎಷ್ಟು ಎಕರೆ, ನೆಲದ ಮೇಲೆ ಎಷ್ಟು ಎಕರೆ? ಎಷ್ಟನ್ನು ಗಾಳಿಯಂತ್ರಕ್ಕೆ, ಅದರ ರಸ್ತೆಗೆ, ಸೋಲಾರಕ್ಕೆ, ಆಶ್ರಯ ನಿವೇಶನಕ್ಕೆ ಕೊಟ್ಟಿದೆ, ಎಷ್ಟನ್ನು ಉಳ್ಳವರು ಒತ್ತುವರಿ ಮಾಡಿದ್ದಾರೆ? ದಫ್ತರದ ಲೆಕ್ಕಕ್ಕೂ ನೆಲದ ಲೆಕ್ಕಕ್ಕೂ ಅಂತರ ಬಿದ್ದರೆ ಏನಾಗುತ್ತದೆ ಎಂಬುದು ನರಗುಂದಕ್ಕೆ ಬೇರೆಯವರು ಹೇಳಬೇಕಾಗಿಲ್ಲ. ನೀರು ಹಾಯದ ಹೊಲಕ್ಕೂ ಮಲಪ್ರಭೆಯ ಹೆಸರಿನಲ್ಲಿ ಕರ ಹೇರಿದ್ದರಿಂದ ಎದ್ದ ಸಿಟ್ಟು 1980ರ ಜುಲೈ 21ರಂದು ಗುಂಡೇಟಿನ ವರೆಗೆ ಹೋಯಿತು. ಕಾಗದದ ಮೇಲೆ ನೀರು, ಹೊಲದಲ್ಲಿ ಬಿರುಕು. ಕಾಗದದ ಮೇಲೆ ಪಾಳು, ನೆಲದ ಮೇಲೆ ಸಾವಿರ ಕುರಿ ಮತ್ತು ತೋಳದ ಹೆಜ್ಜೆ. ರೋಗ ಒಂದೇ.

ಇನ್ನೊಂದು ಎಚ್ಚರಿಕೆ. ತೋಳ ಚಳಿಗಾಲದಲ್ಲಿ ಮರಿ ಹಾಕುತ್ತದೆ. ಬಿಲ ಕಂಡವರು ಅದರ ಜಾಗವನ್ನು ಪತ್ರಿಕೆಗೆ, ಮೊಬೈಲಿನ ಗುಂಪಿಗೆ ಹಾಕುವ ಚಟ ಬೆಳೆದಿದೆ. ಹಾಕಿದ ಮರುದಿನ ಒಬ್ಬ ಕ್ಯಾಮೆರಾ ಹಿಡಿದು ಬರುತ್ತಾನೆ, ಅದರ ಮರುದಿನ ಇನ್ನೊಬ್ಬ ಹೊಗೆ ಹಾಕಲು ಬರುತ್ತಾನೆ. ಆದುದರಿಂದ ಅಂಕಿಗಳು ಊರಿನವರೆಲ್ಲರಿಗೆ ತಿಳಿಯಲಿ, ಗ್ರಾಮಸಭೆಯಲ್ಲಿ ಓದಲಿ; ಬಿಲದ ಜಾಗ ಮಾತ್ರ ಎಣಿಸಿದವರ ವಹಿಯಲ್ಲೇ ಇರಲಿ. ಎಲ್ಲವೂ ಬಹಿರಂಗವಾಗಬೇಕೆಂದು ಬೇರೆ ಸಭೆಗಳಲ್ಲಿ ಕೂಗುವವರು ನಾವೇ. ಇದೊಂದರಲ್ಲಿ ನಮ್ಮ ಅಭಿಪ್ರಾಯ ಹೀಗಿದೆ. ಯಾರಾದರೂ ಇದಕ್ಕಿಂತ ಒಳ್ಳೆಯ ದಾರಿ ತೋರಿಸಿದರೆ ಬದಲಿಸಲು ಸಿದ್ಧ.

ಇದಕ್ಕೆ ದೊಡ್ಡ ಹಣ ಬೇಡ. ರವಿವಾರ ರಜೆ ಇರುವ ಕಾಮಗಾರರು, ಸಂತೆಯಿಲ್ಲದ ದಿನ ಬಿಡುವಿರುವ ವ್ಯಾಪಾರಿಗಳು ಒಂದೊಂದು ಚೌಕ ಹಿಡಿಯಬಹುದು. ಕಾಲೇಜಿನ ಪ್ರಾಣಿಶಾಸ್ತ್ರದ ಮಾಸ್ತರರು ಒಬ್ಬರು ಜೊತೆಗಿರಲಿ. ಕುರಿಗಾರರ ಕೂಲಿಗೆ ಪೇಟೆಯ ಅಂಗಡಿಗೆ ಇಷ್ಟು ಎಂದು ವಂತಿಗೆ ಹಾಕೋಣ. ಅಡತಿಯವರು ಮೊದಲು ಬರೆಯಲಿ, ಹೆಸರಿನ ಕಾಳಿನಲ್ಲಿ ಹೆಚ್ಚು ಗಳಿಸುವವರು ಅವರು. ಬರುವವರು ತರಬೇಕಾದದ್ದು ಒಂದು ಗೆರೆಹಾಕಿದ ವಹಿ, ಸೀಸದಕಡ್ಡಿ, ಹೆಜ್ಜೆ ಅಳೆಯಲು ಒಂದು ಅಳತೆಪಟ್ಟಿ, ಎರಡು ಜೋಳದ ರೊಟ್ಟಿ. ಹೆಸರು ಬರೆಸುವವರು ಸಭೆ ಮುಗಿದ ಮೇಲೆ ಬಾಗಿಲ ಹತ್ತಿರದ ಮೇಜಿಗೆ ಬನ್ನಿ. ಮೊದಲ ನಡಿಗೆ ಎರಿಯ ಕಡೆಗೆ ಇಟ್ಟುಕೊಂಡಿದ್ದೇವೆ, ಮಡ್ಡಿ ಆಮೇಲೆ. ಹೆಜ್ಜೆಯ ಗುರುತು ಕಲಿಯಲು ಎರಿಯೇ ಮೇಲು.